ಅಗ್ಗದ ವೈನ್, ದುಬಾರಿ ವೈನ್: ನಾಲಗೆಗೆ ವ್ಯತ್ಯಾಸ ತಿಳಿಯುವುದೇ?

ಮೈಸೂರುಪಾಕಿನ ಒಂದು ತುಂಡನ್ನು ತಿಂದು ಕೂಡಲೇ ಕಾಫಿ ಕುಡಿದಿದ್ದೀರಾ? ಸಕ್ಕರೆ ಹಾಕಿದ ಕಾಫಿಯೇ ಆದರೂ ಆಗ ಅದು ಕಹಿಯಾಗಿ ತೋರುತ್ತದೆ. ಬೆಟ್ಟದ ನೆಲ್ಲಿಕಾಯಿಯನ್ನು ಅಗಿದು ನೀರು ಕುಡಿದರೆ ಬರಿಯ ನೀರು ಸಿಹಿಯೆನಿಸುತ್ತದೆ. ಕಾಫಿಯೂ ಬದಲಾಗಿಲ್ಲ, ನೀರೂ ಬದಲಾಗಿಲ್ಲ. ಬದಲಾದದ್ದು ನಮ್ಮ ಬಾಯಿಯ ಸ್ಥಿತಿ. ಅಂದರೆ ರುಚಿ ಎಂಬುದು ತಿನ್ನುವ ವಸ್ತುವಿನ ಗುಣ ಮಾತ್ರವಲ್ಲ. ಅದು ಒಂದು ಅಳತೆ. ಅಳೆಯುವ ಉಪಕರಣ ನಮ್ಮ ನಾಲಗೆ, ಮೂಗು ಮತ್ತು ಮಿದುಳು.

ಈ ಉಪಕರಣವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಪರೀಕ್ಷಿಸಿರುವ ಕ್ಷೇತ್ರಗಳಲ್ಲಿ ವೈನ್ ಒಂದು. ಏಕೆಂದರೆ ದ್ರಾಕ್ಷಿಯನ್ನು ಹುದುಗಿಸಿ ಮಾಡಿದ ಈ ಪಾನೀಯದ ಒಂದು ಬಾಟಲಿ ಕೆಲವು ನೂರು ರೂಪಾಯಿಗೂ ಸಿಗುತ್ತದೆ, ಲಕ್ಷ ರೂಪಾಯಿಗೂ ಮಾರಾಟವಾಗುತ್ತದೆ. ಬೆಲೆಯಲ್ಲಿರುವ ಈ ಅಂತರ ರುಚಿಯಲ್ಲೂ ಇದೆಯೇ? ಯಾವ ವೈನ್ ಯಾವ ಊಟಕ್ಕೆ ಹೊಂದುತ್ತದೆ ಎಂಬ ನಿಯಮಗಳಲ್ಲಿ ರಸಾಯನ ವಿಜ್ಞಾನ ಎಷ್ಟು, ನಂಬಿಕೆ ಎಷ್ಟು? ಇವುಗಳಿಗೆ ದೊರೆತಿರುವ ಉತ್ತರಗಳು ವೈನನ್ನು ಮುಟ್ಟದವರಿಗೂ ಉಪಯುಕ್ತ.

ಮೊದಲೇ ಒಂದು ಮಾತು. ಇದು ವೈನ್ ಕುಡಿಯಲು ಆಹ್ವಾನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಲೇಖನದ ಕೊನೆಯಲ್ಲಿರುವ ಪ್ರಯೋಗಗಳಿಗೆ ಬೇಕಾದದ್ದು ಚಹಾ ಮತ್ತು ಪಾನಕ ಮಾತ್ರ.

ಬಾಟಲಿಯೊಳಗೆ ಏನಿದೆ?

ದ್ರಾಕ್ಷಿರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಜೀವಿಗಳು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತವೆ. ಹೀಗೆ ತಯಾರಾದ ವೈನಿನಲ್ಲಿ ಸುಮಾರು 85 ಭಾಗ ನೀರು, 12ರಿಂದ 14 ಭಾಗ ಆಲ್ಕೋಹಾಲ್ ಇರುತ್ತದೆ. ಅಗ್ಗದ್ದಾಗಲಿ ದುಬಾರಿಯದಾಗಲಿ, ಇಷ್ಟರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವೆಲ್ಲ ಉಳಿದ ಎರಡು ಮೂರು ಭಾಗಗಳಲ್ಲಿ ಅಡಗಿದೆ. ಅವು ಯಾವುವು?

ಮೊದಲನೆಯದು ಆಮ್ಲಗಳು. ಇವುಗಳಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ. ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಹಣ್ಣಿನಲ್ಲಿ ಇರುವುದೂ ಇದೇ ಆಮ್ಲ. ವೈನಿನ ಪಿಎಚ್ ಸಾಮಾನ್ಯವಾಗಿ 3 ಮತ್ತು 4ರ ನಡುವೆ ಇರುತ್ತದೆ. ಎರಡನೆಯದು ಯೀಸ್ಟ್ ತಿನ್ನದೆ ಉಳಿಸಿದ ಸಕ್ಕರೆ. ಮೂರನೆಯದು ಟ್ಯಾನಿನ್‌ಗಳು. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ತೊಟ್ಟುಗಳಿಂದ ಬರುವ ಇವು ಒಗರಿಗೆ ಕಾರಣ. ಕೆಂಪು ವೈನನ್ನು ಸಿಪ್ಪೆಯೊಂದಿಗೇ ಹುದುಗಿಸುವುದರಿಂದ ಅದರಲ್ಲಿ ಟ್ಯಾನಿನ್ ಹೆಚ್ಚು. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವುದರಿಂದ ಅಲ್ಲಿ ಕಡಿಮೆ. ನಾಲ್ಕನೆಯದು ಗಾಳಿಗೆ ಹಾರುವ ನೂರಾರು ಪರಿಮಳದ ವಸ್ತುಗಳು.

ಈ ಪರಿಮಳದ ವಸ್ತುಗಳ ಪ್ರಮಾಣ ಅತ್ಯಲ್ಪ. ಕ್ಯಾಬರ್ನೆ ಸಾವಿನ್ಯೋ ಎಂಬ ದ್ರಾಕ್ಷಿಯ ವೈನಿನಲ್ಲಿ ಕೆಲವೊಮ್ಮೆ ದೊಣ್ಣೆ ಮೆಣಸಿನಕಾಯಿಯ ವಾಸನೆ ಬರುತ್ತದೆ. ಇದು ಹೋಲಿಕೆಯ ಮಾತಲ್ಲ. ಮೆಥಾಕ್ಸಿಪೈರಜೀನ್ ಗುಂಪಿನ ಒಂದೇ ವಸ್ತು ಎರಡರಲ್ಲೂ ಇದೆ. ಒಂದು ಲೀಟರ್ ನೀರಿನಲ್ಲಿ ಸುಮಾರು 2 ನ್ಯಾನೋಗ್ರಾಂ ಇದ್ದರೂ ಮನುಷ್ಯನ ಮೂಗು ಇದನ್ನು ಗುರುತಿಸಬಲ್ಲದು. ಲೆಕ್ಕ ಹಾಕಿ ನೋಡಿ. ಈ ವಸ್ತು ಒಂದೇ ಒಂದು ಗ್ರಾಂ ಇದ್ದರೆ 50 ಕೋಟಿ ಲೀಟರ್ ನೀರಿಗೆ ವಾಸನೆ ಕೊಡಬಲ್ಲದು! ಹಾಗೆಯೇ ಶಿರಾಝ್ ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸಿನ ಪರಿಮಳ ಬರುವುದಕ್ಕೆ ರೋಟಂಡೋನ್ ಎಂಬ ವಸ್ತು ಕಾರಣವೆಂದು 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತೋರಿಸಿದರು. ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲೂ ಅದೇ ವಸ್ತು ಇದೆ. ಸ್ವಾರಸ್ಯದ ಸಂಗತಿಯೆಂದರೆ, ಸುಮಾರು ಐವರಲ್ಲಿ ಒಬ್ಬರಿಗೆ ಇದರ ವಾಸನೆ ತಿಳಿಯುವುದೇ ಇಲ್ಲ. ಒಂದೇ ಲೋಟದಿಂದ ಕುಡಿದ ಇಬ್ಬರು ಬೇರೆ ಬೇರೆ ವರ್ಣನೆ ಕೊಟ್ಟರೆ ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು.

ಅಳೆಯುವ ಉಪಕರಣ

ನಾಲಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ ಎಂದು ತೋರಿಸುವ ನಕ್ಷೆಯನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿರಬಹುದು. ಅದು ತಪ್ಪು. 1901ರಲ್ಲಿ ಪ್ರಕಟವಾದ ಜರ್ಮನ್ ಪ್ರಬಂಧವೊಂದನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದರಿಂದ ಹುಟ್ಟಿದ ಚಿತ್ರ ಅದು. ನಾಲಗೆಯಲ್ಲಿ ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಐದೂ ರುಚಿಗಳನ್ನು ಗುರುತಿಸುತ್ತವೆ. ಉಮಾಮಿ ಎಂದರೆ ಟೊಮೇಟೊ, ಅಣಬೆ, ಮಾಂಸ ಮುಂತಾದವುಗಳಲ್ಲಿರುವ ಗ್ಲುಟಮೇಟಿನ ರುಚಿ. ಜಪಾನಿನ ಕಿಕುನೆ ಇಕೆಡಾ ಇದನ್ನು 1908ರಲ್ಲಿ ಗುರುತಿಸಿದರು.

ನಮ್ಮ ಷಡ್ರಸಗಳಲ್ಲಿ ಖಾರ ಮತ್ತು ಒಗರು ಸೇರಿವೆಯಲ್ಲವೇ? ಇವು ರುಚಿಮೊಗ್ಗುಗಳ ಮೂಲಕ ಬರುವ ಸಂವೇದನೆಗಳಲ್ಲ. ಖಾರವೆಂಬುದು ಉರಿ ಮತ್ತು ನೋವನ್ನು ತಿಳಿಸುವ ನರಗಳ ಕೆಲಸ. ಒಗರು ಬಹುಮಟ್ಟಿಗೆ ಸ್ಪರ್ಶದ ಅನುಭವ. ಜೊಲ್ಲಿನಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ ಪ್ರೋಟೀನುಗಳಿವೆ. ಬಾಯಿಯನ್ನು ನುಣುಪಾಗಿಡಲು ಇವು ನೆರವಾಗುತ್ತವೆ. ಟ್ಯಾನಿನ್ ಇವುಗಳಿಗೆ ಅಂಟಿಕೊಂಡು ಗರಣೆ ಕಟ್ಟಿಸುತ್ತದೆ. ನುಣುಪು ಹೋಗಿ ಬಾಯಿ ತರಿತರಿಯಾಗುತ್ತದೆ. ಕಾಯಿ ಬಾಳೆ, ಎಳೆ ಅಡಿಕೆ, ಹಾಲಿಲ್ಲದ ಚಹಾ ಇವುಗಳಲ್ಲಿ ನಾವು ಕಾಣುವ ಒಗರಿನ ಹಿಂದೆ ಇರುವುದೂ ಇದೇ ಕ್ರಿಯೆ.

ಆದರೆ ನಾವು ರುಚಿ ಎಂದು ಕರೆಯುವುದರ ಬಹುಭಾಗ ಮೂಗಿನ ಕೊಡುಗೆ. ಬಾಯಿಯಲ್ಲಿ ಬೆಚ್ಚಗಾದ ಆಹಾರದಿಂದ ಹೊರಟ ಆವಿ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಅಲ್ಲಿ ಸುಮಾರು 400 ಬಗೆಯ ಗ್ರಾಹಿಗಳಿವೆ. ಈ ಗ್ರಾಹಿಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಏಕೆಂದು ಈಗ ಗೊತ್ತಾಯಿತಲ್ಲ?

ವೈನ್ ಪರೀಕ್ಷಕರ ವಿಧಾನವೂ ಇದಕ್ಕೆ ತಕ್ಕಂತೆಯೇ ಇದೆ. 1977ರ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಮೇಲಕ್ಕೆ ಕಿರಿದಾಗುವ 215 ಮಿಲಿಲೀಟರ್ ಗಾಜಿನ ಲೋಟದಲ್ಲಿ 50 ಮಿಲಿಲೀಟರ್ ಮಾತ್ರ ಸುರಿಯಬೇಕು. ಉಳಿದ ಜಾಗ ಪರಿಮಳ ತುಂಬಿಕೊಳ್ಳಲು. ಮೊದಲು ಬಣ್ಣ ನೋಡಿ, ಲೋಟವನ್ನು ಗಿರ್ರನೆ ತಿರುಗಿಸಿ ಮೂಸಿ, ಒಂದು ಗುಟುಕನ್ನು ಬಾಯಿಯಲ್ಲಿ ಹೊರಳಿಸಿ, ಬಳಿಕ ಉಗುಳುತ್ತಾರೆ. ಪರೀಕ್ಷಕರು ನುಂಗುವುದಿಲ್ಲ. ಹತ್ತಾರು ಲೋಟ ನುಂಗಿದರೆ ಉಪಕರಣವೇ ಕೆಡುತ್ತದೆ!

ಉಷ್ಣತೆಯೂ ಮುಖ್ಯ. ತಣ್ಣಗಾದಷ್ಟೂ ಪರಿಮಳದ ವಸ್ತುಗಳು ಹಾರುವುದು ಕಡಿಮೆ, ಒಗರು ಹೆಚ್ಚು. ಬಿಸಿಯಾದಷ್ಟೂ ಆಲ್ಕೋಹಾಲಿನ ಘಾಟು ಹೆಚ್ಚು. ಬಿಳಿ ವೈನಿಗೆ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್, ಕೆಂಪಿಗೆ 15ರಿಂದ 18 ಡಿಗ್ರಿ ಹೊಂದುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯೂರೋಪಿನ ಚಳಿಯ ಮನೆಗಳಲ್ಲಿ ಹುಟ್ಟಿದ್ದು. ನಮ್ಮ ಏಪ್ರಿಲ್ ತಿಂಗಳ ಕೋಣೆಗೆ ಅದು ಅನ್ವಯಿಸುವುದಿಲ್ಲ. ಸಾಧಾರಣ ವೈನ್ ಒರಟಾಗಿದೆ ಎಂಬ ದೂರು ಎಷ್ಟೋ ಸಲ ವೈನಿನದಲ್ಲ, ಉಷ್ಣತೆಯದು.

ಊಟದೊಂದಿಗೆ ಹೊಂದಾಣಿಕೆ

ಯಾವ ಊಟಕ್ಕೆ ಯಾವ ವೈನ್ ಎಂಬ ಬಗ್ಗೆ ಯೂರೋಪಿನಲ್ಲಿ ನೂರಾರು ಸಂಪ್ರದಾಯಗಳಿವೆ. ಇವುಗಳಲ್ಲಿ ಕೆಲವಕ್ಕೆ ಗಟ್ಟಿಯಾದ ರಾಸಾಯನಿಕ ಆಧಾರವಿದೆ.

ಒಗರಾದ ಕೆಂಪು ವೈನಿನೊಂದಿಗೆ ಮಾಂಸ ಅಥವಾ ಚೀಸ್ ತಿನ್ನುತ್ತಾರೆ. ಟ್ಯಾನಿನ್ ಅಂಟಿಕೊಳ್ಳಲು ಆಹಾರದ ಪ್ರೋಟೀನು ಸಿಕ್ಕಿದರೆ ಜೊಲ್ಲಿನ ಪ್ರೋಟೀನು ಉಳಿಯುತ್ತದೆ. ಕೊಬ್ಬು ಬಾಯಿಗೆ ಮತ್ತೆ ನುಣುಪು ಕೊಡುತ್ತದೆ. ಚಹಾಕ್ಕೆ ಹಾಲು ಹಾಕಿದಾಗ ಒಗರು ಇಳಿಯುವುದೂ ಹೀಗೆಯೇ. ಅಲ್ಲಿ ಟ್ಯಾನಿನ್ ಹಿಡಿಯುವುದು ಹಾಲಿನ ಕೇಸೀನನ್ನು.

ಇಟಲಿಯಲ್ಲಿ ಟೊಮೇಟೊ ಗೊಜ್ಜಿನ ಅಡುಗೆಗೆ ಹುಳಿ ಹೆಚ್ಚಿರುವ ಕಿಯಾಂಟಿ ವೈನ್ ಜೊತೆ. ಹುಳಿಯ ಊಟದ ಮುಂದೆ ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗಿಬಿಡುತ್ತದೆ. ಫ್ರಾನ್ಸಿನ ಸೋಟೆರ್ನ್ ಎಂಬ ಸಿಹಿ ವೈನ್ ಸಿಹಿತಿಂಡಿಗೆ. ಊಟಕ್ಕಿಂತ ವೈನಿನ ಸಿಹಿ ಕಡಿಮೆಯಾದರೆ ಆಗುವುದು ಮೈಸೂರುಪಾಕ್ ಮತ್ತು ಕಾಫಿಯ ಕಥೆಯೇ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಆದ್ದರಿಂದ ಉಪ್ಪುಪ್ಪಾದ ಚೀಸಿನ ಮುಂದೆ ಕಹಿ ವೈನ್ ಮೃದುವಾಗುತ್ತದೆ.

ಖಾರದ ಊಟಕ್ಕೆ ಏನು? ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಮ್ಮ ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಿಯನ್ನೇ ಕೆರಳಿಸುತ್ತದೆ. ಇದನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆಲ್ಕೋಹಾಲ್ ಕೂಡ ಇದೇ ಗ್ರಾಹಿಯನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆಂದು 2002ರಲ್ಲಿ ತಿಳಿಯಿತು. ಹಾಗಾಗಿ ಆಂಧ್ರ ಶೈಲಿಯ ಊಟಕ್ಕೆ ಆಲ್ಕೋಹಾಲ್ ಹೆಚ್ಚಿರುವ ದುಬಾರಿ ಕೆಂಪು ವೈನ್ ಉರಿಗೆ ಎಣ್ಣೆ ಹೊಯ್ದಂತೆ. ಆಲ್ಕೋಹಾಲ್ ಕಡಿಮೆಯಿರುವ, ತುಸು ಸಿಹಿಯಾದ, ತಣ್ಣನೆಯ ಸಾಧಾರಣ ಬಿಳಿ ವೈನೇ ಅದಕ್ಕೆ ಮೇಲು. ಬೆಲೆಗೂ ಹೊಂದಾಣಿಕೆಗೂ ಸಂಬಂಧವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ಎಂಬುದು ಎಲ್ಲಕ್ಕಿಂತ ಪ್ರಸಿದ್ಧವಾದ ನಿಯಮ. ಜಪಾನಿನ ಸಂಶೋಧಕರು 38 ಕೆಂಪು ಹಾಗೂ 26 ಬಿಳಿ ವೈನ್‌ಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪಿನ ಪ್ರಾಣಿಯ ಮಾಂಸದೊಂದಿಗೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಯಲ್ಲಿ ಉಳಿಯುವ ಹೊಲಸು ವಾಸನೆಗೆ ಕಾರಣ ವೈನಿನ ಬಣ್ಣವಲ್ಲ, ಅದರಲ್ಲಿ ಕರಗಿರುವ ಕಬ್ಬಿಣದ ಅಯಾನುಗಳು ಎಂದು ಗೊತ್ತಾಯಿತು. ಕಬ್ಬಿಣವನ್ನು ಬಂಧಿಸುವ ರಾಸಾಯನಿಕ ಸೇರಿಸಿದಾಗ ವಾಸನೆ ತಗ್ಗಿತು. ಕೆಂಪು ವೈನಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಹಳೆಯ ನಿಯಮ ಬಹುಪಾಲು ಸರಿಯಾಗಿತ್ತು. ಆದರೆ ಅದಕ್ಕೆ ಕೊಡುತ್ತಿದ್ದ ಕಾರಣ ಸರಿಯಿರಲಿಲ್ಲ. ಕಬ್ಬಿಣ ಕಡಿಮೆಯಿರುವ ಕೆಂಪು ವೈನ್ ಮೀನಿನೊಂದಿಗೂ ಹೊಂದುತ್ತದೆ.

ಬೆಲೆ ಎಲ್ಲಿಂದ ಬರುತ್ತದೆ?

ಬೆಲೆಯ ಒಂದು ಭಾಗ ನಿಜವಾದ ಖರ್ಚು. ಓಕ್ ಮರದ ಪೀಪಾಯಿಯನ್ನು ತೆಗೆದುಕೊಳ್ಳಿ. ಸಾಮಾನ್ಯವಾದ 225 ಲೀಟರ್ ಪೀಪಾಯಿಯಿಂದ 750 ಮಿಲಿಲೀಟರ್‌ನ 300 ಬಾಟಲಿಗಳು ತುಂಬುತ್ತವೆ. ಪೀಪಾಯಿಗೆ 60,000 ರೂಪಾಯಿ ಎಂದಿಟ್ಟುಕೊಂಡರೆ, ಒಂದೇ ಸಲ ಬಳಸಿದಾಗ ಬಾಟಲಿಗೆ 200 ರೂಪಾಯಿ ಬೀಳುತ್ತದೆ. ಜೊತೆಗೆ ಜಮೀನಿನ ಬೆಲೆ, ಕಡಿಮೆ ಇಳುವರಿ, ವರ್ಷಗಟ್ಟಲೆ ದಾಸ್ತಾನು, ಸಾಗಾಣಿಕೆ, ತೆರಿಗೆ. ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲು ಮತ್ತು ಕೃಷ್ಣಾ ಕಣಿವೆಯಲ್ಲಿ ವೈನ್ ದ್ರಾಕ್ಷಿ ಬೆಳೆಯುತ್ತಾರೆ. ರಾಜ್ಯವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಇಲ್ಲಿನ ಬಾಟಲಿಗೆ ಆಮದಿನ ಸುಂಕವಿಲ್ಲ. ಆದರೆ ಆ ಸುಂಕಕ್ಕೆ ರುಚಿಯಿಲ್ಲ ಎಂಬುದನ್ನು ಗಮನಿಸಿ.

ಬೆಲೆಯ ಇನ್ನೊಂದು ಭಾಗ ಹೆಸರು, ಅಪರೂಪ, ಖ್ಯಾತಿ. ಇವೂ ಬಾಟಲಿಯೊಳಗಿನ ದ್ರವದಲ್ಲಿಲ್ಲ. ಕೆಲವೊಮ್ಮೆ ಹೆಚ್ಚು ಹಣ ಕೊಟ್ಟವರಿಗೇ ತೊಂದರೆ. ಒದ್ದೆ ರಟ್ಟಿನ ವಾಸನೆ ಕೊಡುವ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಬಹುಮಟ್ಟಿಗೆ ವೈನಿಗೆ ಸೇರುವುದು ಕಾರ್ಕ್ ಬಿರಡೆಯಿಂದ. ತಿರುಗಿಸಿ ತೆಗೆಯುವ ಲೋಹದ ಮುಚ್ಚಳದ ಬಾಟಲಿಗೆ ಆ ಭಯ ಬಹಳ ಕಡಿಮೆ.

ಚೀಟಿ ಮುಚ್ಚಿದಾಗ

ಇನ್ನು ಮೂಲ ಪ್ರಶ್ನೆಗೆ ಬರೋಣ. ಹೆಸರು, ಬೆಲೆ ತಿಳಿಯದಿದ್ದಾಗ ನಾಲಗೆ ಏನು ಹೇಳುತ್ತದೆ?

1976ರ ಮೇ 24ರಂದು ಬ್ರಿಟಿಷ್ ವರ್ತಕ ಸ್ಟೀವನ್ ಸ್ಪರಿಯರ್ ಪ್ಯಾರಿಸಿನಲ್ಲಿ ಒಂದು ಪರೀಕ್ಷೆ ಏರ್ಪಡಿಸಿದರು. ಫ್ರಾನ್ಸಿನ ಪ್ರಖ್ಯಾತ ವೈನ್‌ಗಳನ್ನೂ ಆಗ ಅಷ್ಟೇನೂ ಹೆಸರಿಲ್ಲದ ಕ್ಯಾಲಿಫೋರ್ನಿಯದ ವೈನ್‌ಗಳನ್ನೂ ಗುರುತು ಮರೆಮಾಡಿ ಒಂಬತ್ತು ಮಂದಿ ಫ್ರೆಂಚ್ ಪರಿಣತರ ಮುಂದಿಟ್ಟರು. ಬಿಳಿ ಮತ್ತು ಕೆಂಪು ಎರಡರಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಕ್ಕೆ ಹೋಯಿತು. ತಮ್ಮ ನಾಡಿನ ವೈನನ್ನು ಸುಲಭವಾಗಿ ಗುರುತಿಸಬಲ್ಲೆವೆಂದು ನಂಬಿದ್ದವರಿಗೆ ಅದು ದೊಡ್ಡ ಆಘಾತ.

2001ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಪ್ರಯೋಗ ಇನ್ನೂ ಸೋಜಿಗದ್ದು. ವೈನ್ ವಿಜ್ಞಾನ ಕಲಿಯುತ್ತಿದ್ದ 54 ಮಂದಿಗೆ ಬಿಳಿ ವೈನನ್ನೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಕಣ್ಣು ಕಂಡದ್ದನ್ನು ಮೂಗು ಒಪ್ಪಿಕೊಂಡಿತು.

2008ರಲ್ಲಿ ಅಮೆರಿಕದಲ್ಲಿ ಮೂರು ಅಧ್ಯಯನಗಳು ಪ್ರಕಟವಾದವು. ಮೊದಲನೆಯದರಲ್ಲಿ 20 ಸ್ವಯಂಸೇವಕರ ಮಿದುಳಿನ ಚಟುವಟಿಕೆಯನ್ನು ಚಿತ್ರಿಸುತ್ತಾ ವೈನ್ ಕೊಟ್ಟರು. ಐದು ವೈನ್‌ಗಳೆಂದು ಹೇಳಿದರೂ ನಿಜಕ್ಕೂ ಇದ್ದದ್ದು ಮೂರೇ. ಅದೇ ವೈನನ್ನು ಒಮ್ಮೆ 10 ಡಾಲರಿನದೆಂದು, ಮತ್ತೊಮ್ಮೆ 90 ಡಾಲರಿನದೆಂದು ಹೇಳಿದರು. ಹೆಚ್ಚಿನ ಬೆಲೆ ಹೇಳಿದಾಗ ಅಂಕ ಏರಿತು. ಅಷ್ಟೇ ಅಲ್ಲ, ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಏರಿತು. ಅಂದರೆ ಅವರು ನಟಿಸುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ಹೆಚ್ಚು ಹಿತವಾಗಿತ್ತು! ಬೆಲೆ ತಿಳಿಸದೆ ಮತ್ತೆ ಕೊಟ್ಟಾಗ ಆ ವ್ಯತ್ಯಾಸ ಉಳಿಯಲಿಲ್ಲ.

ಎರಡನೆಯದು 6,000ಕ್ಕೂ ಹೆಚ್ಚು ಕುರುಡು ಪರೀಕ್ಷೆಗಳ ಲೆಕ್ಕ. ಬೆಲೆ ಬಾಟಲಿಗೆ 1.65 ಡಾಲರಿನಿಂದ 150 ಡಾಲರಿನವರೆಗೆ ಇತ್ತು. ತರಬೇತಿಯಿಲ್ಲದ ಜನರಿಗೆ ದುಬಾರಿ ವೈನ್ ಸರಾಸರಿಯಲ್ಲಿ ಹೆಚ್ಚು ಹಿಡಿಸಲಿಲ್ಲ, ತುಸು ಕಡಿಮೆಯೇ ಹಿಡಿಸಿತು. ತರಬೇತಿ ಪಡೆದವರಲ್ಲಿ ಈ ಪ್ರವೃತ್ತಿ ಕಾಣಲಿಲ್ಲ. ಮೂರನೆಯದು ಪರಿಣತರ ಪರೀಕ್ಷೆ. ಕ್ಯಾಲಿಫೋರ್ನಿಯದ ರಾಜ್ಯ ಮೇಳದಲ್ಲಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಅವರಿಗೆ ಗೊತ್ತಾಗದಂತೆ ಮೂರು ಸಲ ಕೊಡಲಾಯಿತು. ಮೂರೂ ಸಲ ಒಂದೇ ದರ್ಜೆಯ ಪದಕಕ್ಕೆ ನಿಂತವರು ಸುಮಾರು ಹತ್ತರಲ್ಲೊಬ್ಬರು.

ಹಾಗಾದರೆ ಎಲ್ಲ ವೈನೂ ಒಂದೇ ಎನ್ನಬಹುದೇ? ಇಲ್ಲ. ಆಮ್ಲ, ಟ್ಯಾನಿನ್, ಪರಿಮಳಗಳ ವ್ಯತ್ಯಾಸ ನೈಜ, ಅಳೆಯಬಹುದಾದದ್ದು. ಅಭ್ಯಾಸದಿಂದ ಗುರುತಿಸುವ ಶಕ್ತಿಯೂ ಬೆಳೆಯುತ್ತದೆ. ಬೆಲೆ ಈ ವ್ಯತ್ಯಾಸದ ಒಳ್ಳೆಯ ಸೂಚಿಯಲ್ಲ ಎಂಬುದಷ್ಟೇ ಇಲ್ಲಿ ಸಿದ್ಧವಾಗುವುದು.

ತರಗತಿಯಲ್ಲಿ ಮಾಡಿ ನೋಡಿ

ಪ್ರಯೋಗ 1: ಸಕ್ಕರೆಯಿಲ್ಲದ ಗಟ್ಟಿ ಚಹಾ ಡಿಕಾಕ್ಷನ್ ಆರಿದ ಮೇಲೆ ಒಂದು ಗುಟುಕು ಕುಡಿದು ಒಗರನ್ನು ಗಮನಿಸಿ. ಬಾಯಿ ತೊಳೆದು, ಒಂದು ಚಮಚ ಹಾಲು ಬೆರೆಸಿ ಮತ್ತೆ ಕುಡಿಯಿರಿ. ಇನ್ನೊಂದು ಲೋಟಕ್ಕೆ ಹಾಲಿನ ಬದಲು ಅಷ್ಟೇ ನೀರು ಬೆರೆಸಿ ಹೋಲಿಸಿ. ನೀರಿನ ಲೋಟ ಏಕೆ ಬೇಕು? ವಿದ್ಯಾರ್ಥಿಗಳೇ ಉತ್ತರಿಸಲಿ.

ಪ್ರಯೋಗ 2: ಒಂದೇ ಪಾತ್ರೆಯ ಬೆಲ್ಲದ ಪಾನಕವನ್ನು ಎರಡು ಹೂಜಿಗಳಿಗೆ ತುಂಬಿ. ಒಂದಕ್ಕೆ ‘ಲೀಟರಿಗೆ 20 ರೂಪಾಯಿ’, ಇನ್ನೊಂದಕ್ಕೆ ‘ಲೀಟರಿಗೆ 200 ರೂಪಾಯಿ’ ಎಂದು ಚೀಟಿ ಅಂಟಿಸಿ. ಪ್ರತಿಯೊಬ್ಬರೂ ಎರಡಕ್ಕೂ ಹತ್ತರಲ್ಲಿ ಅಂಕ ಕೊಡಲಿ. ಅರ್ಧ ತರಗತಿಗೆ ಮೊದಲು ಅಗ್ಗದ್ದು, ಉಳಿದರ್ಧಕ್ಕೆ ಮೊದಲು ದುಬಾರಿಯದು ಕೊಡಿ. ಮಾತನಾಡಲು ಬಿಡಬೇಡಿ. ಸರಾಸರಿಗಳನ್ನು ಹೋಲಿಸಿದ ಮೇಲೆ ನಿಜ ಸಂಗತಿ ತಿಳಿಸಿ. ಮೋಸ ಹೋದ ವಿದ್ಯಾರ್ಥಿ ನಾಚಬೇಕಿಲ್ಲ, ಪ್ಯಾರಿಸಿನ ಪರಿಣತರೂ ಮುಗ್ಗರಿಸಿದ್ದಾರೆ.

ಪ್ರಯೋಗ 3: ಎರಡು ಬಗೆಯ ಚಹಾಪುಡಿಗಳನ್ನು ಒಂದೇ ತೂಕ, ಒಂದೇ ಅಳತೆಯ ನೀರು, ಒಂದೇ ಸಮಯಕ್ಕೆ ಕುದಿಸಿ ಸೋಸಿ. ಮೂರು ಸ್ಟೀಲ್ ಲೋಟಗಳಲ್ಲಿ ಎರಡಕ್ಕೆ ಒಂದು ಬಗೆ, ಒಂದಕ್ಕೆ ಇನ್ನೊಂದು ಬಗೆ ಹಾಕಿ. ಲೋಟಗಳಿಗೆ 417, 683, 259 ಎಂಬಂಥ ಸಂಖ್ಯೆಗಳನ್ನು ಕೊಡಿ. 1, 2, 3 ಎಂದು ಬರೆದರೆ ಅದೇ ಶ್ರೇಯಾಂಕದಂತೆ ತೋರೀತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಬೇರೆಯಾದ ಲೋಟವನ್ನು ಹುಡುಕಬೇಕು. ಲೋಟ ಕೊಡುವವರಿಗೂ ಉತ್ತರ ಗೊತ್ತಿರಬಾರದು. ಊಹೆಯಿಂದ ಸರಿ ಹೇಳುವ ಸಂಭವನೀಯತೆ ಮೂರರಲ್ಲೊಂದು. ಆರು ಸಲದಲ್ಲಿ ಐದು ಅಥವಾ ಆರು ಸಲ ಬರಿಯ ಊಹೆಯಿಂದ ಸರಿಯಾಗುವ ಸಂಭವನೀಯತೆ 729ರಲ್ಲಿ 13, ಅಂದರೆ ನೂರರಲ್ಲಿ ಎರಡಕ್ಕಿಂತ ಕಡಿಮೆ. ಅಷ್ಟು ಸಲ ಸರಿ ಹೇಳಿದವರಿಗೆ ವ್ಯತ್ಯಾಸ ತಿಳಿಯುತ್ತದೆ ಎಂದು ಒಪ್ಪಬಹುದು. ತಿಳಿಯದವರು ಅಗ್ಗದ ಪುಡಿಯನ್ನೇ ಕೊಳ್ಳಲು ಏನಡ್ಡಿ?

ಹೊಸ ಔಷಧವೊಂದು ಗುಣ ಕೊಡುತ್ತದೆಯೇ ಎಂದು ನೋಡುವಾಗಲೂ ವೈದ್ಯ ವಿಜ್ಞಾನಿಗಳು ಮಾಡುವುದು ಇದನ್ನೇ. ಯಾರಿಗೆ ಔಷಧ, ಯಾರಿಗೆ ಬರಿಯ ಸಕ್ಕರೆಗುಳಿಗೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಕೊಡುವ ವೈದ್ಯರಿಗೂ ಗೊತ್ತಿರುವುದಿಲ್ಲ. ನಿರೀಕ್ಷೆಯು ಅನುಭವವನ್ನು ಬದಲಿಸುತ್ತದೆ ಎಂಬುದು ಅಲ್ಲಿ ಜೀವದ ಪ್ರಶ್ನೆ. ಅದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸಲು ಮೂರು ಲೋಟ ಚಹಾ ಸಾಕು. ಮುಂದಿನ ಬಾರಿ ಅಂಗಡಿಯಲ್ಲಿ ‘ಇದು ದುಬಾರಿ, ಆದ್ದರಿಂದ ಒಳ್ಳೆಯದು’ ಎಂಬ ಮಾತು ಕೇಳಿದಾಗ, ಚೀಟಿ ಮುಚ್ಚಿ ನೋಡಿದ್ದೀರಾ ಎಂದು ಅವರು ಕೇಳಬಲ್ಲರು.